ಕಡಲುಡದ ಹಲ್ಲು

ದರ್ಜಿಗೆ ಒಂದು ಕೆಟ್ಟ ಚಾಳಿ. ಕೈ ಬಿಡುವಿಲ್ಲದಾಗ ಗುಂಡುಸೂಜಿ, ಗುಂಡಿ, ಸೀಮೆಸುಣ್ಣದ ಚೂರು, ಏನಿದ್ದರೂ ತುಟಿಯ ನಡುವೆ ಕಚ್ಚಿಕೊಳ್ಳುವುದು. ಮೂವತ್ತು ವರ್ಷದಲ್ಲಿ ಒಂದು ಸೂಜಿಯನ್ನೂ ನುಂಗಿದವನಲ್ಲ. ಇವತ್ತು ಮಾತ್ರ ಏಳು ಕೋಟಿ ವರ್ಷ ಹಳೆಯ ಹಲ್ಲೊಂದನ್ನು ನುಂಗಿಬಿಟ್ಟ.

ಹಲ್ಲು ಅವನದಲ್ಲ, ಬಿಡಿ. ಒಂದಾನೊಂದು ಕಾಲದಲ್ಲಿ ಸಮುದ್ರದಲ್ಲಿ ಈಜಾಡಿಕೊಂಡಿದ್ದ, ಬಸ್ಸಿನಷ್ಟು ಉದ್ದದ ಉಡದಂಥ ಪ್ರಾಣಿಯದು. ಗಿರಾಕಿಗಳಿಗೆ "ನಾಳೆ ಬನ್ನಿ" ಎಂದು ಹೇಳಿ, ಸೈಕಲ್ ಹತ್ತಿ ಸುಣ್ಣಕಲ್ಲಿನ ಗಣಿಗೆ ಹೋಗಿ ಪುಡಿಗಲ್ಲು ಜರಡಿ ಹಿಡಿಯುವುದು ಅವನ ಹುಚ್ಚು. ಎಂಟು ವರ್ಷದಲ್ಲಿ ಸಿಕ್ಕಿದ್ದೆಲ್ಲ ಚೂರುಪಾರು. ಬೇರಿನ ಸಮೇತ ಇಡಿಯಾಗಿ ಸಿಕ್ಕಿದ್ದು ಇದೊಂದೇ, ಕಿರುಬೆರಳಿನ ತುದಿಯಷ್ಟು. ಸಂಜೆ ನಾಲ್ಕಕ್ಕೆ ಮ್ಯೂಸಿಯಂ ಸಾಹೇಬರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲು, ಅದರ ಕೆಳಗಿನ ಚೀಟಿಯಲ್ಲಿ ದರ್ಜಿಯ ಹೆಸರು. ಆ ಹೆಸರಿನ ಆಸೆಗೆ ಬಡಪಾಯಿ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಹಲ್ಲಿಡುವ ಡಬ್ಬಿಗೆ ಮಖಮಲ್ ಕತ್ತರಿಸುತ್ತಿದ್ದ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಕತ್ತರಿ. ಹಲ್ಲು ತುಟಿಯಲ್ಲಿ. ಪಕ್ಕದಂಗಡಿಯ ಕ್ಷೌರಿಕ ಒಳಗೆ ಬಂದವನೇ ಬೆನ್ನಿಗೊಂದು ಬಾರಿಸಿ, "ಏನಪ್ಪಾ ಹಲ್ಲು ಸಾಹೇಬ!" ಎಂದ.

ಗುಳುಕ್!

"ನುಂಗ್ಬಿಟ್ಟೆ ಕಣೋ, ಪಾಪಿ!"

"ನೀರು ಕುಡಿ, ನೀರು ಕುಡಿ!"

"ಕುಡಿದ್ರೆ ಇನ್ನೂ ಒಳಗೆ ಹೋಗುತ್ತಲ್ಲೋ!"

ಗಲಾಟೆ ಕೇಳಿ ಹೆಂಡತಿ ಬಂದಳು. "ಈ ಕಲ್ಲುಗಳು ಒಂದಿನ ನಿಮ್ಮನ್ನ ತಿಂತಾವೆ ಅಂದ್ಕೊಂಡಿದ್ದೆ. ನೀವೇ ಅವನ್ನ ತಿಂದ್ರಾ?"

ಮಹಡಿ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ದಡದಡನೆ ಇಳಿದು ಬಂದು, ಯಾರನ್ನೂ ಕೇಳದೆ ದರ್ಜಿಯ ಎರಡೂ ಕಾಲು ಹಿಡಿದು ತಲೆಕೆಳಗು ಮಾಡಿ, ಗೋಣಿಚೀಲ ಕೊಡವಿದಂತೆ ಕೊಡವಿದರು. ಜೇಬಿನಿಂದ ನಾಲ್ಕು ಗುಂಡಿ, ಒಂದು ಅಳತೆ ಟೇಪು ಬಿದ್ದವು. ಹಲ್ಲು ಮಾತ್ರ ಬೀಳಲಿಲ್ಲ.

ಕೊನೆಗೆ ಕ್ಷೌರಿಕನೇ ಅವನನ್ನು ಎಕ್ಸ್-ರೇಗೆ ಎಳೆದೊಯ್ದ. ಫಿಲ್ಮನ್ನು ಕಿಟಕಿಗೆ ಹಿಡಿದು, "ಸಿಕ್ತು! ನೋಡು, ಹೆಂಗೆ ಕಳ್ಳನ ಥರ ಕೂತಿದೆ!" ಎಂದು ಕುಣಿದ.

"ಎರಡು ದಿನದಲ್ಲಿ ತಾನಾಗೇ ಆಚೆ ಬರುತ್ತೆ, ಹೋಗಿ" ಎಂದರು ಡಾಕ್ಟರು.

ಅಂಗಡಿಗೆ ವಾಪಸಾದಾಗ ಸಾಹೇಬರು ಬಂದು ಕೂತಿದ್ದರು. ದರ್ಜಿ ಅಳುಮೋರೆಯಲ್ಲಿ ಫಿಲ್ಮ್ ಚಾಚಿದ. ಸಾಹೇಬರು ಭೂತಗನ್ನಡಿ ಇಟ್ಟು ನೋಡಿ, "ಅಬ್ಬಾ! ಇಂಥ ಬೇರು ನಾನು ನೋಡೇ ಇಲ್ಲ. ಖಂಡಿತ ತಗೋತೀವಿ. ಬಂದ್ಮೇಲೆ ತೊಳೆದು ಕಳಿಸಿ" ಎಂದರು. ದರ್ಜಿಗೆ ಹೋದ ಜೀವ ಬಂದಂತಾಯಿತು.

ಸಾಹೇಬರು ಫಾರಂ ತೆಗೆದರು. "ಸಿಕ್ಕಿದ ಜಾಗದ ಫೋಟೋ ಕೊಡಿ."

"ಗಣೀಲಿ ಫೋಟೋ ತೆಗೀಲಿಲ್ಲ ಸಾರ್."

"ಹಾಗಾದ್ರೆ ಗಣಿ ಅಂತ ಬರೆಯೋಕಾಗಲ್ಲ. ಫೋಟೋದಲ್ಲಿ ಎಲ್ಲಿದೆಯೋ ಅದೇ ಜಾಗ. ನಮ್ಮ ನಿಯಮ ಹಾಗೆ." ಸಾಹೇಬರು ಫಿಲ್ಮನ್ನು ಮತ್ತೊಮ್ಮೆ ಎತ್ತಿ ಹಿಡಿದರು. "ಸರಿ, ಇದೂ ಫೋಟೋನೇ. ಇಲ್ಲಿ ಮೊದಲು ಕಂಡುಹಿಡಿದಿದ್ದು ಯಾರು?"

"ನಾನೇ ಸಾರ್!" ಎಂದ ಕ್ಷೌರಿಕ.

'ಶೋಧಿಸಿದವರು' ಎಂಬಲ್ಲಿ ಕ್ಷೌರಿಕನ ಹೆಸರು ಬಿತ್ತು. ದರ್ಜಿಯ ಕಣ್ಣಲ್ಲಿ ನೀರು ಬಂತು.

"ಛೆ ಛೆ, ಬೇಜಾರು ಮಾಡ್ಕೋಬೇಡಿ. ಚೀಟೀಲಿ ನಿಮ್ಮ ಹೆಸರೂ ಇರುತ್ತೆ" ಎಂದು ಸಮಾಧಾನ ಹೇಳಿದ ಸಾಹೇಬರು, ಅವನ ಪೂರ್ತಿ ಹೆಸರು ಕೇಳಿ ದುಂಡಗೆ ಬರೆದರು, 'ಸಿಕ್ಕಿದ ಸ್ಥಳ' ಎಂಬಲ್ಲಿ.