ಎರಡು ಸೀಟಿನ ಕಾರಿಗೆ ಅಕ್ಕನ ರೇಡಿಯೋ

ಈ ಸಂಗತಿಯನ್ನು ಬರೆಯುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಮಕ್ಕಳು ಸಣ್ಣವರೆಂದು, ಆಮೇಲೆ ಅವರು ದೊಡ್ಡವರಾದರೆಂದು, ಈಗ ಕನ್ನಡಕ ಸರಿಯಿಲ್ಲವೆಂದು. ಕನ್ನಡಕವನ್ನು ನಾನೇ ರಿಪೇರಿ ಮಾಡಿರುವುದರಿಂದ ಅದು ಸರಿಯಿಲ್ಲ ಎಂಬುದು ಮಾತ್ರ ನಿಜ. ಕೆಲವರಿಗೆ ಸ್ಕ್ರೂ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಬಿಚ್ಚಲು ಧೈರ್ಯ ಸಾಕು, ತಿರುಗಿ ಕೂಡಿಸಲು ತಿಳಿವಳಿಕೆ ಬೇಕು. ಧೈರ್ಯ ನನ್ನ ಹತ್ತಿರ ಬೇಕಾದಷ್ಟಿತ್ತು. ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠ ಓದಿದ್ದೆನಾದ್ದರಿಂದ ತಿಳಿವಳಿಕೆಯೂ ಇದೆ ಎಂದು ನಂಬಿಕೊಂಡಿದ್ದೆ. ಇಂಥ ನಂಬಿಕೆಯವನ ಮನೆಯಲ್ಲಿ ಗಡಿಯಾರ ಕೂಡ ಅಂಜಿಕೊಂಡು ನಡೆಯುತ್ತದೆ.

ಐವತ್ತರ ದಶಕದ ಕೊನೆಯ ಮಾತು. ಸವಣೂರಿನ ಒಂದು ಅರಳೆ ಜಿನ್ನಿನಲ್ಲಿ, ಅಂದರೆ ಅರಳೆಯಿಂದ ಬೀಜ ಬಿಡಿಸುವ ಕಾರಖಾನೆಯಲ್ಲಿ, ನಾನು ಕಾರಕೂನನಾಗಿದ್ದೆ. ಹಾನಗಲ್ಲಿನ ಕಟ್ಟಿಗೆ ಗುತ್ತಿಗೆದಾರನೊಬ್ಬ ತನ್ನ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕಾರನ್ನು ಯಾರ ತಲೆಗಾದರೂ ಕಟ್ಟಲು ಕಾಯುತ್ತಿದ್ದ. ನನ್ನ ತಲೆ ಸಿಕ್ಕಿತು. ಯುದ್ಧಕ್ಕೂ ಮೊದಲು ಯಾರೋ ಬಿಳಿಯ ಸಾಹೇಬ ಜೋರಾಗಿ ಓಡಿಸುವ ಶೋಕಿಗೆಂದು ಇಂಗ್ಲೆಂಡಿನಿಂದ ತರಿಸಿದ್ದ ಕಾರಂತೆ ಅದು. ಕೆಂಪು ಬಣ್ಣ, ಉದ್ದ ಮೂಗು, ಮೇಲೆ ಚಪ್ಪರವಿಲ್ಲ, ಇದ್ದದ್ದು ಎರಡೇ ಸೀಟು. ನಮ್ಮ ಮನೆಯಲ್ಲೋ ಉಣ್ಣಲು ಕುಳಿತರೆ ಎರಡು ಪಂಕ್ತಿ ಆಗುತ್ತಿತ್ತು. ಕಾರನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದ ದಿನ ನನ್ನ ಹೆಂಡತಿ ಶಾಂತವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಕೂಡೋರು ಇಬ್ಬರು, ನೂಕೋರು ಎಂಟು ಮಂದಿ. ಮನ್ಯಾಗಿನ ಮಂದಿಗೆ ಸರಿಯಾಗಿ ಹೊಂದತೈತಿ ಬಿಡ್ರಿ” ಎಂದಳು.

ರಿಪೇರಿಯನ್ನು ನಾನೇ ಕೈಗೆತ್ತಿಕೊಂಡೆ. ಬ್ರೇಕಿನ ಒಳಪಟ್ಟಿ ಸವೆದಿತ್ತು. ಹಿಟ್ಟಿನ ಗಿರಣಿಯ ಹಳೆಯ ಬೆಲ್ಟು ಕತ್ತರಿಸಿ ಕೂಡಿಸಿದೆ. ಅಂದಿನಿಂದ ಬ್ರೇಕು ಒತ್ತಿದರೆ ಜೋಳದ ಹಿಟ್ಟು ಹುರಿದ ವಾಸನೆ ಬರುತ್ತಿತ್ತು. ಕಾರು ನಿಲ್ಲುತ್ತಿತ್ತು ಎಂದು ಪ್ರಮಾಣ ಮಾಡಲಾರೆ. ಪೆಟ್ರೋಲಿನ ಟಾಕಿ ಸೋರುವಲ್ಲಿ ಬಟ್ಟೆ ತೊಳೆಯುವ ಸಾಬೂನು ಮೆತ್ತಿದೆ, ಕಿತ್ತುಹೋದ ಮಡ್‌ಗಾರ್ಡಿಗೆ ಎಣ್ಣೆ ಡಬ್ಬಿಯ ತಗಡು ಬಡಿದೆ. ಇಷ್ಟಾದರೂ ತನ್ನಷ್ಟಕ್ಕೆ ತಾನು ಚಾಲೂ ಆಗುವ ಗುಣ ಅದಕ್ಕೆ ಬರಲಿಲ್ಲ. ಎದುರು ಮನೆಯ ರುದ್ರಪ್ಪ ಎತ್ತು ಹೂಡಿ ಬಂದು ಏರು ಹತ್ತಿಸಿ ಕೊಡುತ್ತಿದ್ದ, ನಾನು ಇಳಿಜಾರಿನಲ್ಲಿ ಬಿಟ್ಟು ಚಾಲೂ ಮಾಡುತ್ತಿದ್ದೆ. “ಎತ್ತು ಕಟ್ಟಿದ ಮ್ಯಾಲ ಇದಕ್ಕ ಚಕ್ಕಡಿ ಅಂದ್ರ ತಪ್ಪೇನೋ ಮಾರಾಯಾ?” ಎಂದು ಅವನು ಕೇಳುತ್ತಿದ್ದ. ಯಲವಿಗಿ ಸ್ಟೇಷನ್ನಿಗೆ ಹೊರಟ ನಿಜವಾದ ಚಕ್ಕಡಿಗಳು ನಮ್ಮನ್ನು ದಾಟಿಕೊಂಡು ಹೋಗಿ ರೈಲು ಹಿಡಿಯುತ್ತಿದ್ದವು.

ಓಡದ ಕಾರಿಗೆ ಮೊದಲು ಓಡುವುದನ್ನು ಕಲಿಸಬೇಕು ಎಂಬುದು ಬೇರೆಯವರ ಬುದ್ಧಿ. ನನಗೆ ಅದನ್ನು ಸುಧಾರಿಸಬೇಕು ಎನಿಸಿತು. ಎಡಕ್ಕೆ ಬಲಕ್ಕೆ ತಿರುಗುವುದನ್ನು ತೋರಿಸಲು ಬ್ಯಾಟರಿಯ ಸಣ್ಣ ಬಲ್ಬು ಹಚ್ಚಿದೆ, ಹಳೆಯ ಬಸ್ಸಿನ ಹಾರ್ನು ತಂದು ಕೂಡಿಸಿದೆ. ಹಾರ್ನು ಒತ್ತಿದರೆ ದೀಪ ಆರುತ್ತಿತ್ತು. ದೀಪ ಹಚ್ಚಿದರೆ ಹಾರ್ನು ನರಳುತ್ತಿತ್ತು. ಇನ್ನು ಉಳಿದದ್ದು ರೇಡಿಯೋ. ಹಿರೇಕೆರೂರಿನಲ್ಲಿ ನನ್ನ ಮಾವನ ಮನೆಯ ಮುಂದೆ ಕಾರು ನಿಲ್ಲಬೇಕು, ಇಂಜಿನ್ನು ಬಂದಾದರೂ ಹಾಡು ಬಂದಾಗಬಾರದು, ಮಾವನವರು ರುಮಾಲು ಸರಿಮಾಡಿಕೊಳ್ಳುತ್ತ ಹೊರಗೆ ಬರಬೇಕು. ಈ ಚಿತ್ರ ನನ್ನ ಕಣ್ಣಿಗೆ ಎಷ್ಟು ಕಟ್ಟಿತ್ತೆಂದರೆ ಜಿನ್ನಿನಲ್ಲಿ ಅರಳೆ ತೂಗುವಾಗ ತಕ್ಕಡಿಯ ಮುಳ್ಳು ನೋಡುವುದನ್ನೇ ಮರೆಯುತ್ತಿದ್ದೆ.

ಮನೆಯಲ್ಲಿ ಒಂದು ರೇಡಿಯೋ ಇತ್ತು. ಅದು ನನ್ನ ಅಕ್ಕನದು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡ ಮೇಲೆ ಅಕ್ಕ ಒಂದು ಟ್ರಂಕು, ಆತ ಕೊಡಿಸಿದ್ದ ಆ ರೇಡಿಯೋ ಇಷ್ಟನ್ನೇ ತೆಗೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಕರೆಂಟಿಲ್ಲದ ಮನೆಯಲ್ಲೂ ನಡೆಯುವಂಥದು. ಕಾರಿನದರಂತೆ ಒಂದು ಬ್ಯಾಟರಿ ಅದರ ಕೆಳಗೆ ಕುಳಿತಿರುತ್ತಿತ್ತು. ಉಡಿ ತುಂಬುವ ಮನೆಗೆ, ಕುಂಕುಮ ಹಚ್ಚುವ ಮನೆಗೆ ಅಕ್ಕನನ್ನು ಯಾರೂ ಕರೆಯುತ್ತಿರಲಿಲ್ಲ. ಆದರೆ ಸಂಜೆ ಧಾರವಾಡ ಸ್ಟೇಷನ್ನಿನ ಹಾಡು ಹತ್ತಿತೆಂದರೆ ಅವೇ ಮನೆಗಳ ಹೆಂಗಸರು ಅಕ್ಕಿ ಆರಿಸುವ ಮೊರ ಹಿಡಿದುಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದರು. ಅಕ್ಕ ಗುಂಡಿ ತಿರುವುತ್ತಿದ್ದಳು. ಬೇರೆಯವರಾರೂ ಮುಟ್ಟುವಂತಿರಲಿಲ್ಲ. ದಿನದಲ್ಲಿ ಅದೊಂದು ಹೊತ್ತು ಓಣಿ ಅಕ್ಕನ ಕಡೆಗೆ ಬರುತ್ತಿತ್ತು.

ಅಕ್ಕ ತಿಳವಳ್ಳಿಯ ಚಿಕ್ಕವ್ವನ ಮನೆಗೆ ಹೋದಾಗ ನಾನು ರೇಡಿಯೋದ ಬೆನ್ನು ಬಿಚ್ಚಿದೆ. “ಅಕ್ಕಾರನ್ನ ಕೇಳೀರೇನು?” ಎಂದಳು ಶಾಂತವ್ವ.

“ಆಕಿ ಬರೂದ್ರಾಗ ತಿರುಗಿ ಕೂಡಸ್ತೇನಿ ತಗೋ.”

“ನೀವು ತಿರುಗಿ ಕೂಡಿಸಿದ್ದು ಒಂದನ್ನ ಹೇಳ್ರಿ ನೋಡೂಣು.”

ಕಟ್ಟಿಗೆಯ ಪೆಟ್ಟಿಗೆ ಕಾರಿನಲ್ಲಿ ಹಿಡಿಸುವಂತಿರಲಿಲ್ಲ. ಒಳಗಿನದನ್ನಷ್ಟೇ ಹೊರತೆಗೆದು, ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟು, ಅಕ್ಕ ಹೆಣೆದ ಬಟ್ಟೆಯನ್ನು ಮೇಲೆ ಹೊದಿಸಿದೆ. ಬ್ಯಾಟರಿಯ ಋಣದ ತಂತಿ ಗಾಡಿಯ ಮೈಗೆ, ಧನದ ತಂತಿ ಯಂತ್ರಕ್ಕೆ ಎಂದು ನಾನು ಎಲ್ಲೋ ಓದಿದ್ದೆ, ರೇಡಿಯೋವನ್ನು ಹಾಗೆಯೇ ಜೋಡಿಸಿದೆ. ಆ ಇಂಗ್ಲೆಂಡಿನ ಕಾರಿನಲ್ಲಿ ಅದು ತಲೆಕೆಳಗಾಗಿತ್ತು, ಮೈಯೇ ಧನ. ಬ್ಯಾಟರಿಯ ನೆತ್ತಿಯ ಮೇಲಿನ ಗುರುತನ್ನು ಬಗ್ಗಿ ನೋಡಿದ್ದರೆ ತಿಳಿಯುತ್ತಿತ್ತು. ಓದಿದವನು ಬಗ್ಗಿ ನೋಡುವುದೇಕೆ? ಓಣಿಯ ನಡುವೆ ಕಾರು ನಿಲ್ಲಿಸಿ, ಮಂದಿ ಕೂಡುವವರೆಗೆ ಕಾದು, ಸ್ವಿಚ್ಚು ಒತ್ತಿದೆ. ಒಂದು ಗರ್ರ್ ಎಂಬ ಸದ್ದು, ಒಂದು ಚಟ್ ಎಂಬ ಸದ್ದು, ಅದರ ಹಿಂದೆ ದಪ್ಪನೆಯ ಹೊಗೆ.

“ಏನೋ, ಧಾರವಾಡಕ್ಕ ಬೆಂಕಿ ಬಿತ್ತೇನು?” ಎಂದ ರುದ್ರಪ್ಪ.

ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಒಬ್ಬೊಬ್ಬರ ಮನೆಗೆ ಹೋಗಿ ಅಕ್ಕನಿಗೆ ಹೇಳಬೇಡಿರೆಂದು ಕೈಮುಗಿದೆ. ಎಲ್ಲರೂ ಹೂಂ ಎಂದರು. ಓಣಿಯಲ್ಲಿ ಗುಟ್ಟು ಉಳಿಯುತ್ತದೆಂದು ನಂಬಿದವನು ನಾನೊಬ್ಬನೇ. ಪೆಟ್ಟಿಗೆಯ ತೂತುಗಳಿಗೆ ಗುಂಡಿಗಳನ್ನು ಬೀಳದಂತೆ, ಆದರೆ ತಿರುಗುವಂತೆ, ಮೇಣದಿಂದ ನಿಲ್ಲಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಸರಿಯಾಗಿ ಕೂತ ಕೆಲಸ ಇನ್ನೊಂದಿಲ್ಲ.

ತಿಳವಳ್ಳಿಯಿಂದ ಬಂದ ಸಂಜೆ ಅಕ್ಕ ದೀಪ ಹಚ್ಚಿ ಗುಂಡಿ ತಿರುವಿದಳು. ಹೆಂಗಸರು ಮೊರ ಹಿಡಿದುಕೊಂಡು ಕುಳಿತಿದ್ದರು. ಯಾರೂ ಅಕ್ಕನ ಮುಖ ನೋಡುತ್ತಿರಲಿಲ್ಲ. ಬ್ಯಾಟರಿ ಇಳಿದಿರಬೇಕು ಎಂದೆ. ಮರುದಿನ, ವಾಲ್ವು ಹೋಗಿರಬೇಕು, ಹುಬ್ಬಳ್ಳಿಯಿಂದ ತರುತ್ತೇನೆ ಎಂದೆ. ಅಕ್ಕ ಇನ್ನೊಮ್ಮೆ ಗುಂಡಿ ತಿರುವಿ, “ಆದ್ರೂ ತಮ್ಮಾ, ಮೊದಲಿನಕಿಂತ ಈಗ ಭಾಳ ಸಲೀಸ ತಿರಗತೈತಿ ನೋಡು” ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಹುಬ್ಬಳ್ಳಿಗೆ ಹೋದಾಗಲೆಲ್ಲ ಏನಾದರೂ ತಂದೇ ತರುತ್ತಿದ್ದೆ, ಕಾರಿಗೆ. ಒಮ್ಮೆ ಬಲ್ಬು, ಒಮ್ಮೆ ತಂತಿಯ ಸುರುಳಿ, ಒಮ್ಮೆ ಗಾಜಿನ ಮೇಲಿನ ಮಳೆನೀರು ಒರೆಸುವ ಮೋಟರು. ಪಡಸಾಲೆಯಲ್ಲಿ ಮೊರಗಳು ಒಂದೊಂದಾಗಿ ಕಡಿಮೆಯಾದವು. ಕಾರು ಹಿರೇಕೆರೂರನ್ನು ಒಮ್ಮೆಯೂ ಕಾಣಲಿಲ್ಲ. ಶಿಗ್ಗಾವಿಯವರೆಗೆ ಒಂದು ಸಲ ಹೋಗಿ, ಅಲ್ಲಿಂದ ಬೇರೊಬ್ಬರ ಎತ್ತಿನ ಹಿಂದೆ ಬಂದಿತು. ಕಡೆಗೆ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡತೊಡಗಿದವು. ಆ ಕಾರಿನಿಂದ ಮನೆಗೆ ಆದ ಉಪಯೋಗ ಅದೊಂದೇ.

ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಉಂಡೆದ್ದು ಎಲೆ ಅಡಿಕೆ ಎಲ್ಲಿ ಎಂದು ಕೇಳಿದೆ. ಅಕ್ಕ ಅಡಿಗೆಮನೆಯಿಂದಲೇ, “ರೇಡಿಯೋದಾಗ ಅದಾವ ನೋಡು ತಮ್ಮಾ” ಎಂದಳು. ಪೆಟ್ಟಿಗೆಯ ಬೆನ್ನು ಸರಿಸಿದೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಳೆಯ ಎಲೆ, ಅಡಿಕೆ, ಸುಣ್ಣದ ಡಬ್ಬಿ ಓರಣವಾಗಿದ್ದವು.

“ಇಲ್ಲಿ ಯಾವಾಗಿಂದ ಇಡಾಕತ್ತೀ?”

“ತಿಳವಳ್ಳಿಯಿಂದ ಬಂದಾಗಿಂದ. ಹಾಡಿಲ್ಲಂದ್ರ ಎಲಿ ಆದ್ರೂ ಕೊಡೂಣು, ಮಂದಿ ಬರ್ತಾರ ಅಂತ ಇಟ್ಟೆ.” ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಕ್ಕಳು. “ಸವಣೂರಾಗ ಎಲಿ ತಿನ್ನಾಕ ಇನ್ನೊಬ್ಬರ ಮನಿಗೆ ಯಾರ ಬರ್ತಾರೋ ಹುಚ್ಚಾ? ಊರ ತುಂಬ ಎಲಿ ಬಳ್ಳಿನ ಐತಿ.”

ಆಗ ಹೇಳಬೇಕಾಗಿತ್ತು. ಆದರೆ ಅಷ್ಟರಲ್ಲಿ ನಾನು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡಿದ್ದೆ. ಬಾಯಿ ತುಂಬ ಎಲೆ ಇಟ್ಟುಕೊಂಡು ತಪ್ಪಾಯಿತು ಎಂದರೆ ಕೇಳುವವರಿಗೆ ತಿಳಿಯುವುದಿಲ್ಲ. ಉಗುಳಿ ಬಂದು ಹೇಳೋಣವೆಂದು ಹೊರಗೆ ಹೋದೆ. ಹೊರಗೆ ಕಾರು ನಿಂತಿತ್ತು. ಅದರ ಒಂದು ಸ್ಕ್ರೂ ಸಡಿಲಾದಂತೆ ಕಂಡಿತು.

ಅಕ್ಕ ಹೋಗಿ ಬಹಳ ಕಾಲವಾಯಿತು. ಆಕೆ ಇದ್ದಷ್ಟು ದಿನವೂ ನಾನು ಎಲೆ ತೆಗೆದುಕೊಂಡದ್ದು ಆ ಪೆಟ್ಟಿಗೆಯಿಂದಲೇ. ನಮ್ಮಲ್ಲಿ ಹಿರಿಯಕ್ಕನನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಅಕ್ಕಾ ಎಂದು ಕೂಗಿದರೆ ಊಟ ಬರುತ್ತಿತ್ತು, ನೀರು ಬರುತ್ತಿತ್ತು, ಎಲೆ ಬರುತ್ತಿತ್ತು. ತಪ್ಪೊಪ್ಪಿಕೊಳ್ಳುವವನು ಯಾರ ಮುಂದೆ ಎಂದು ಹೇಳದೆ ಜಾರಿಕೊಂಡರೆ ಅದೂ ನನ್ನ ಇನ್ನೊಂದು ರಿಪೇರಿಯಾದೀತು. ಆದ್ದರಿಂದ ಬರೆಯುತ್ತೇನೆ. ಆಕೆಯ ಹೆಸರು ನೀಲವ್ವ.