ಒಂಬತ್ತನೇ ನಂಬರು, ಹತ್ತನೇ ನಂಬರು

ಯೋಗರಾಜನ ಸಿಟ್ಟಿಗೆಲ್ಲ ಕಾರಣ ಬೆಳಗಿನ ಒಂದು ಫೋನು. ಮಾಡಿದವನು ಹೆಂಡತಿ ಕುಮುದಾಳ ಅಣ್ಣ, ತೀರ್ಥಹಳ್ಳಿಯ ಕೃಷ್ಣಕುಮಾರ. ಸಂಜೆ ಹೊಸ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಬನ್ನಿ ಎಂದು ಹೇಳಿ ಇಟ್ಟುಬಿಡಬಹುದಿತ್ತು. ನಾಲಿಗೆ ಸುಮ್ಮನಿರಬೇಕಲ್ಲ!

"ಮಧ್ಯಾಹ್ನ ಹೊಸನಗರದಲ್ಲಿ ಫುಟ್‌ಬಾಲ್ ಫೈನಲ್ ನೋಡ್ಕೊಂಡೇ ಬನ್ನಿ ಭಾವ. ನಮ್ಮ ಹತ್ತನೇ ನಂಬರಿನ ಹುಡುಗ ನಿಮ್ಮ ಸಾಗರದವ್ರನ್ನ ಹ್ಯಾಗೆ ಕುಣಿಸ್ತಾನೆ ನೋಡಿ."

"ನಮ್ಮ ಒಂಬತ್ತನೇ ನಂಬರಿನ ಎಡಗಾಲಿಗೆ ಅವ್ನು ಸಮ ಇಲ್ಲ!"

"ಹುಡುಗ ಇದ್ದು ಎಂತ ಮಾಡೋದು? ನಿಮ್ಮ ಕೋಚು ಸೀಟಿ ಊದೋದು ಬಿಟ್ರೆ ಏನು ಕಲ್ಸಿದಾನೆ? ಭವಿಷ್ಯ ಇರೋದು ನಮ್ಮ ಟೀಮಿಗೆ."

ಯೋಗರಾಜನ ನೆತ್ತಿ ಕಾದ ಹಂಚಾಯಿತು. "ಸಾಗರ ತೀರ್ಥಹಳ್ಳೀನ ಸೋಲ್ಸೋ ತನಕ ನಿಮ್ಮನೆ ಗೇಟು ದಾಟಿದ್ರೆ ನಾನು ನಮ್ಮಪ್ಪನ ಮಗ ಅಲ್ಲ!"

ಕುಮುದಾ ಸೌಟು ಹಿಡಿದೇ ಹೊರಬಂದಳು. "ಇವತ್ತು ನೀವು ಒಳಗೆ ಬರ್ಲಿಲ್ಲ ಅಂದ್ರೆ ನಾನೂ ವಾಪಸ್ ಬರಲ್ಲ. ಅಲ್ಲೇ ಇರ್ತೀನಿ."

ಪಕ್ಕದ ಮನೆಯ ಬೆಳ್ಳಪ್ಪ ಕಾಂಪೌಂಡಿನ ಮೇಲೆ ಗಲ್ಲವಿಟ್ಟು ಎಲ್ಲ ಕೇಳಿಸಿಕೊಂಡಿದ್ದ. "ಜಗ್ಗಬೇಡಿ ಯೋಗರಾಜಣ್ಣ. ಊರಿನ ಮರ್ಯಾದೆ ಪ್ರಶ್ನೆ," ಎಂದು ಬೆಂಕಿಗೆ ತುಪ್ಪ ಸುರಿದು, ಕಾರಿನಲ್ಲಿ ಒಂದು ಪುಕ್ಕಟೆ ಸೀಟನ್ನೂ ಹಿಡಿದ.

ಹೊಸನಗರದ ಮೈದಾನದಲ್ಲಿ ಆಟಕ್ಕೆ ಮೊದಲೇ ಜಗಳ ಶುರುವಾಗಿತ್ತು. ಇಬ್ಬರು ಕೋಚುಗಳು ಒಬ್ಬನೇ ಹುಡುಗನ ಒಂದೊಂದು ಕೈ ಹಿಡಿದು ಎಳೆಯುತ್ತಿದ್ದರು. ಸಾಗರದ ಒಂಬತ್ತನೇ ನಂಬರೂ ತೀರ್ಥಹಳ್ಳಿಯ ಹತ್ತನೇ ನಂಬರೂ ಅವನೇ! ಸ್ವಂತ ಟೀಮೇ ಇಲ್ಲದ ಹೊಸನಗರದ ಹುಡುಗನನ್ನು ಇಬ್ಬರೂ ಅತಿಥಿ ಆಟಗಾರನೆಂದು ಗುಟ್ಟಾಗಿ ಕರೆಸಿಕೊಂಡಿದ್ದರು. ಪಂದ್ಯಗಳು ಬೇರೆ ಬೇರೆ ದಿನ ನಡೆದದ್ದರಿಂದ ಬಣ್ಣ ಬಯಲಾಗಿರಲಿಲ್ಲ. ಇದಕ್ಕೆ ಕೋಚಿಂಗ್ ಅಂತ ಹೆಸರು ಬೇರೆ!

"ಅವ್ನು ನಮ್ಮವ್ನು!" ಯೋಗರಾಜ ಗಂಟಲು ಹರಿದುಕೊಂಡ. ತೀರ್ಥಹಳ್ಳಿಯವರು ಅವನಿಗಿಂತ ಜೋರಾಗಿ ಅರಚಿದರು.

ರೆಫರಿ ವಾಸಪ್ಪನಿಗೆ ರೇಗಿತು. "ಮೊದಲರ್ಧ ಸಾಗರಕ್ಕೆ ಆಡ್ಲಿ, ಉಳಿದರ್ಧ ತೀರ್ಥಹಳ್ಳಿಗೆ. ಎಲ್ಲ ಬಾಯ್ಮುಚ್ಚಿ!"

ಹುಡುಗ ಸಾಗರಕ್ಕೆ ಎರಡು ಗೋಲು ಹೊಡೆದ. ಅಂಗಿ ಬದಲಿಸಿ ತೀರ್ಥಹಳ್ಳಿಗೂ ಎರಡು ಹೊಡೆದ. ಉಳಿದವರು ಕೊಟ್ಟಿಗೆಯಿಂದ ಬಿಟ್ಟ ಕರುಗಳಂತೆ ಚೆಂಡಿನ ಹಿಂದೆ ಓಡಿದರು, ಅಷ್ಟೆ. ಆಟ ಸಮವಾಯಿತು; ಪೆನಾಲ್ಟಿಗೆ ಅವನನ್ನು ಹೊರಗಿಟ್ಟರು. ಎರಡೂ ಕಡೆಯ ಒಬ್ಬನೂ ಗೋಲು ಹೊಡೆಯಲಿಲ್ಲ. ಬೇಸತ್ತ ವಾಸಪ್ಪ ಕಪ್ಪನ್ನು ಇಬ್ಬರಿಗೂ ಸೇರಿಸಿ ಕೊಟ್ಟು ಮನೆಗೆ ಹೋದ.

ಸಂಜೆ ಯೋಗರಾಜ ಭಾವನ ಗೇಟಿನ ಹೊರಗೆ ಹಲ್ಲು ಕಚ್ಚಿ ನಿಂತಿದ್ದ. ಒಳಗೆ, ಕೃಷ್ಣಕುಮಾರ ಮೈದಾನದಿಂದಲೇ ಕರೆತಂದಿದ್ದ ಆ ಹುಡುಗನಿಗೆ ಶಾಲು ಹೊದಿಸಿ, ಎಲೆಗೆ ಹೋಳಿಗೆ ಬಡಿಸುತ್ತಿದ್ದರು. ಬೆಳ್ಳಪ್ಪ ಅವನ ಪಕ್ಕದಲ್ಲೇ ಕೂತು ಪಾಯಸ ಸುರ್ರನೆ ಹೀರುತ್ತಿದ್ದ. ನಾಚಿಕೆಗೆಟ್ಟವನು!

"ನೀವು ಗೆದ್ದಿಲ್ವಲ್ಲ ಭಾವ," ಕೃಷ್ಣಕುಮಾರ ಗೇಟಿನ ಬಳಿ ಬಂದು ನಕ್ಕ.

"ಮುಂದಿನ ವರ್ಷ ಗೆಲ್ತೀವಿ! ಆ ಹುಡುಗ ಪೂರ್ತಿ ನಮ್ಮ ಕಡೆಗೇ ಆಡ್ತಾನೆ!"

"ಇಲ್ಲಣ್ಣ," ಹುಡುಗ ಕೂತಲ್ಲಿಂದಲೇ ಕೂಗಿದ. "ಮುಂದಿನ ವರ್ಷ ಹೊಸನಗರದ್ದೇ ಟೀಮ್ ಆಗ್ತಿದೆ. ನಾನು ಇನ್ನು ಅಲ್ಲಿಗೇ."

ಇಬ್ಬರು ಭಾವಂದಿರೂ ಒಟ್ಟಿಗೇ ಹುಡುಗನ ಹೆಗಲ ಮೇಲಿನ ಶಾಲಿನತ್ತ ತಿರುಗಿದರು. ಕುಮುದಾ ಬಂದು ಕಾರಿನಿಂದ ತನ್ನ ಬ್ಯಾಗು ಇಳಿಸಿಕೊಂಡಳು.

"ನಿಮ್ಮ ಸಾಗರ ಗೆದ್ದ ದಿನ ಬನ್ನಿ," ಎಂದು ಗೇಟು ಹಾಕಿಕೊಂಡಳು.