ಗೆಂಡೆ ಮೀನಿಗೊಬ್ಬ ಅಜ್ಜಿ

ಮೀನಿನ ಇಲಾಖ್ಯಾಗ ನೌಕರಿ ಮಾಡಿದವ ನಗಿ ಹುಡುಕ್ಕೊಂಡು ಹೋಗಬೇಕಾಗಿಲ್ಲ, ಅದು ಚಪ್ಪಲಿಗೆ ಹತ್ತಿದ ಕೆರಿ ರಾಡಿ ಹಂಗ ಬೆನ್ನ ಹತ್ತಿ ಬರ್ತೈತಿ. ಈಗ ರಿಟೈರ್ ಆಗಿ ಮನ್ಯಾಗ ಕುಂತೇನಿ. ಆಫೀಸು ನೆನಪಾಗೂದಿಲ್ಲ. ಹೂವಿನ ಹಿಪ್ಪರಗಿ ಕಡೆ ಒಂದು ಕೆರಿ ಇತ್ತು, ಆ ಕೆರಿ ಮಂದಿ ಮಾತ್ರ ಭಾಳ ನೆನಪಾಗ್ತಾರ.

೧. ನೋಟೀಸು

ಆ ಕೆರ್ಯಾಗ ಮೀನ ಹಿಡಿಯೂ ಮಂದಿಗೆ ಒಬ್ಬ ಚಾಚಾ ಹಿರಿಯರು. ಅವರ ಬಲಿ ಕಣ್ಣು ಎಷ್ಟ ಸಣ್ಣವಂದ್ರ, ಸೊಳ್ಳಿ ಪರದೇನ ಹಾಕ್ಯಾರೇನೋ ಅನಸ್ತಿತ್ತು. ಬೆರಳಷ್ಟ ಮರಿನೂ ಬರ್ತಿದ್ದವು, ತತ್ತಿ ತುಂಬಿದ ತಾಯಿ ಗೆಂಡೆನೂ ಬರ್ತಿದ್ದವು. ಹಿಂಗಾಗಿ ವರ್ಷಾ ವರ್ಷಾ ಮೀನ ಕಡಿಮಿ ಆಗಾಕತ್ತಿದ್ದವು. ಇನ್ನ ಸ್ವಲ್ಪ ದಿನಕ್ಕ ಕೆರ್ಯಾಗ ಕಪ್ಪಿ ಅಷ್ಟ ಉಳಿತಾವಂತ ನನಗ ಒಳಗೊಳಗ ಸಂಕಟ.

"ಚಾಚಾ, ಸಣ್ಣವು ಬಿಡ್ರಿ, ದೊಡ್ಡವಾಗಲಿ. ತಾಯಿ ಮೀನ ಬಿಡ್ರಿ, ತತ್ತಿ ಇಡಲಿ," ಅಂತ ನೋಟೀಸು ಓದಿ ಹೇಳಿದೆ.

ಚಾಚಾ ಪೂರಾ ಕೇಳಿದ್ರು. ನೋಟೀಸು ಇಸ್ಕೊಂಡು, ಅದರಾಗ ಎರಡು ಮೀನ ಸುತ್ತಿ ನನ್ನ ಕೈಯಾಗ ಇಟ್ರು. "ಮನ್ಯಾಗ ಅಕ್ಕಾರಿಗೆ ಕೊಡ್ರಿ, ಸಾಹೇಬ್ರ."

ನಮ್ಮಾಕಿ, ಮೀನಿನ ಹೆಸರು ತಗೊಂಡ್ರ ಬಾಯಿ ಮುಕ್ಕಳಿಸಿ ಊಟಕ್ಕ ಕುಂದ್ರು ಅನ್ನಾಕಿ!

೨. ಬಸ್ಸಿನ್ಯಾಗ ಮರಿ

ಒಮ್ಮೆ ಜೀಪ್ ಕೆಟ್ಟಿತ್ತು. ಅದ ಕೆರಿಗೆ ಬಿಡಾಕ ಗೆಂಡೆ ಮರಿ ತುಂಬಿದ ಪ್ಲಾಸ್ಟಿಕ್ ಚೀಲ ತೊಡಿ ಮ್ಯಾಲ ಇಟ್ಕೊಂಡು ಸಿಂದಗ್ಯಾಗ ಬಸ್ ಹತ್ತಿದೆ. ರಸ್ತಾದಾಗ ಒಂದು ತೆಗ್ಗು ಬಂತು, ಚೀಲ ಫಟ್! ನೀರು, ಮರಿ ಎಲ್ಲಾ ಬಸ್ಸಿನ ತುಂಬ.

"ಅಯ್ಯ ಶಿವನ, ಜೀವಾ ಹೋಗ್ತಾವಲ್ಲೋ!" ಅಂತ ಒಬ್ಬ ಅಜ್ಜಿ ತನ್ನ ನೀರಿನ ತಂಬಿಗಿ ಚಾಚಿದಳು. ಅಷ್ಟ ಸಾಕಾತು, ಇಡೀ ಬಸ್ಸ ಎದ್ದಿತು. ಬಾಟ್ಲಿ, ಊಟದ ಡಬ್ಬಿ, ಹೊಸಾ ಕೊಡ, ಸಿಕ್ಕದ್ದರಾಗ ಮರಿ ಆರಿಸಿ ಹಾಕಿದ್ರು. ಆ ಮಂದೀನ ನೆನಸಿದ್ರ ಈಗೂ ಕಣ್ಣ ತುಂಬಿ ಬರ್ತಾವು.

ಅಜ್ಜಿ ಆ ಕೆರಿ ಊರಾಕಿನ. ತಂಬಿಗಿ ನನ್ನ ಕೈಯಾಗ ಕೊಡಲಿಲ್ಲ, ತಾನ ನೀರಿಗೆ ಬಿಡ್ತೇನಿ ಅಂದಳು. ಇಳಿಯೂ ಮುಂದ ಡ್ರೈವರ್ ನನಗ ಬೈದ: "ಮೊದಲ ಹೇಳಬಾರದೇನ್ರಿ? ಕೆರಿ ದಂಡಿಗೆ ಒಂದು ಸ್ಟಾಪ್ ಕೊಡ್ತಿದ್ದೆ!"

೩. ಅಜ್ಜಿ ಮಕ್ಕಳು

ಎರಡು ವರ್ಷ ಕಳದ ಮ್ಯಾಲ, ಗೆಂಡೆ ತತ್ತಿ ಇಡೂ ಹೊತ್ತಿನ್ಯಾಗ ಚಾಚಾ ಬಲಿ ಎಳಿಯಾಕತ್ತಿದ್ರು. ಮರುದಿನ ತಾಳಿಕೋಟಿ ಸಂತಿ. ಈ ತಾಯಿ ಮೀನ ಹೋದ್ರ ಕೆರಿ ಖಾಲಿ ಅಂತ ನಾ ದಂಡಿ ಮ್ಯಾಲ ನಿಂತು ಕೈ ಮುಗದೆ. ಯಾರೂ ಹೊಳ್ಳಿ ನೋಡಲಿಲ್ಲ.

ಅಷ್ಟರಾಗ ಆ ಅಜ್ಜಿ ಬಂದಳು. ಹೊಟ್ಟಿ ಉಬ್ಬಿದ ಒಂದು ಗೆಂಡೆ ಬುಟ್ಟ್ಯಾಗ ಬಿದ್ದಿತ್ತು.

"ಏ ತಮ್ಮಾ, ಬಿಡು ಅದನ್ನ. ಬಸ್ಸಿನ್ಯಾಗ ನಾ ಉಳಿಸಿದ್ದದು."

"ನಿನ್ನದ ಅಂತ ಹೆಂಗ ಗುರುತ ಹಿಡದಿ, ಯವ್ವಾ?" ಅಂದ್ರು ಚಾಚಾ.

ನೀರ ಬಿಟ್ಟ ಮೀನ ಬಾಯಿ ತೆರೀತು, ಮುಚ್ಚಿತು.

"ನೋಡು, ಯಮ್ಮಾ ಯಮ್ಮಾ ಅಂತ ಕರಿಯಾಕತ್ತೈತಿ. ಕಣ್ಣ ಕಾಣೂದಿಲ್ಲೇನು?"

ಚಾಚಾ ತಲಿ ಕೆರಕೊಂಡು ಅದನ್ನ ನೀರಿಗೆ ಬಿಟ್ರು. ಇನ್ನೊಂದು ಬಂತು, ಅದೂ ಬಾಯಿ ತೆರೀತು, ಅದನ್ನೂ ಬಿಟ್ರು. ಮೂರನೇದು ಬಂದ ಕೂಡಲೇ ಚಾಚಾ ಅದರ ಬಾಯಿ ಗಟ್ಟಿಯಾಗಿ ಒತ್ತಿ ಹಿಡದ್ರು.

"ಕೂಸಿನ ಬಾಯಿ ಹಿಚುಕ್ತೀ, ಮೂಳಾ?" ಅಂತ ಅಜ್ಜಿ ಒದರಿದಳು.

ಚಾಚಾ ನನ್ನ ಕಡೆ ತಿರುಗಿದ್ರು. "ಸಾಹೇಬ್ರ, ತಾಯಿ ಮೀನ ಮುಟ್ಟೂದಿಲ್ಲ. ಸಣ್ಣವು ಬಿಡ್ತೇವಿ. ದೊಡ್ಡ ಕಣ್ಣಿನ ಬಲಿ ತರ್ತೇವಿ. ಎಲ್ಲಿ ಬೇಕಲ್ಲಿ ಹೆಬ್ಬೆಟ್ಟು ಒತ್ತತೇನಿ. ಈ ಮುದುಕಿನ್ನಷ್ಟ ಮನಿಗೆ ಕರಕೊಂಡು ಹೋಗ್ರಿ!"

ಚಾಚಾ ಮಾತಿಗೆ ತಪ್ಪಲಿಲ್ಲ, ಆ ಕೆರ್ಯಾಗ ಇವತ್ತಿಗೂ ಮೀನ ಅದಾವ. ಆದ್ರ ಅವತ್ತ ಎಷ್ಟ ಕರದ್ರೂ ಅಜ್ಜಿ ಕೆರಿ ದಂಡಿ ಬಿಟ್ಟು ಏಳಲಿಲ್ಲ.

"ಎರಡ ಮಾತಾಡ್ಯಾವ," ಅಂದಳು. "ಉಳದವು ಏನಂತಾವ ಕೇಳಿ ಬರ್ತೇನಿ, ನೀವ ಮುಂದ ನಡೀರಿ."